ಫ್ಯಾನಿನ ಲೆಕ್ಕದಲ್ಲಿ ಅಪ್ಪ

ಮಾರ್ಚ್ 4, ಮಂಗಳವಾರ

ಅಪ್ಪನ ಮುಖ ಒರೆಸಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಹತ್ತಕ್ಕೆ ಸರಿಯಾಗಿ ಲ್ಯಾಪ್‌ಟಾಪ್ ತೆರೆದರೆ — ಅಪ್‌ಡೇಟ್. ಯಾರನ್ನು ಕೇಳಿ ಶುರುಮಾಡಿತೋ! ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡ ಹಾಗೆ.

ಅದು ಮುಗಿದ ಮೇಲೆ ಮಾತಿನ ಡಾಕ್ಟರಮ್ಮ ಪರದೆಗೆ ಬಂದರು. ಅವರ ಮಾತು ನಮಗೆ ಕೇಳುತ್ತದೆ, ನಮ್ಮದು ಅವರಿಗೆ ಇಲ್ಲ. ಮೈಕ್ ಸತ್ತಿದೆ. ನಾನು ಕೈಸನ್ನೆ ಮಾಡಿದೆ, ಅವರೂ ಮಾಡಿದರು. ಮಾತು ಕಲಿಸುವ ಕ್ಲಾಸು ಮೂಕಾಭಿನಯದಲ್ಲೇ ಮುಗಿಯಿತು.

ಅಪ್ಪ ಎಡಗೈಯಿಂದ ಲ್ಯಾಪ್‌ಟಾಪಿನ ಅಂಚನ್ನು ಎರಡು ಸಲ ಕುಟ್ಟಿ ನೋಡಿದ. ಹಳೆಯ ಅಭ್ಯಾಸ. ಜೀವಮಾನವಿಡೀ ಬಸ್ ನಿಲ್ದಾಣದಲ್ಲಿ ಅನೌನ್ಸ್‌ಮೆಂಟ್ ಮಾಡಿದವನು. ಸ್ಟ್ರೋಕ್ ಆದಮೇಲೆ ಒಂದೊಂದು ಪದಕ್ಕೂ ಬೆವರುತ್ತಾನೆ. ಕಳೆದ ವಾರವಷ್ಟೇ "ನೀರು" ಬಂದಿತ್ತು. ಈಗಲೇ ಇದಕ್ಕೂ ರೋಗ ಬರಬೇಕೆ?

ಅದೇ ದಿನ, ಸಂಜೆ

ತಮ್ಮನಿಗೆ ಫೋನ್ ಮಾಡಿದೆ.

"ಅಕ್ಕಾ, ರೀಸ್ಟಾರ್ಟ್ ಮಾಡಿದ್ಯಾ?"

"ಮಾಡ್ದೆ ಕಣೋ."

"ಇನ್ನೊಂದ್ಸಲ ಮಾಡು."

ಅವನಿಗೆ ಬರುವುದು ಅದೊಂದೇ ಮಂತ್ರ. ಕೊನೆಗೆ ನಾನೇ ಸೆಟ್ಟಿಂಗ್ಸ್ ಎಲ್ಲಾ ಜಾಲಾಡಿದೆ. ಪ್ರೈವಸಿ ಅನ್ನುವಲ್ಲಿ ಮೈಕ್ ಆಫ್ ಆಗಿ ಕೂತಿತ್ತು. ಆನ್ ಮಾಡಿ "ಹಲೋ ಹಲೋ" ಅಂದೆ. ರೆಕಾರ್ಡ್ ಆಯಿತು. ಗೆದ್ದೆ.

ಮಾರ್ಚ್ 7, ಶುಕ್ರವಾರ

ಗೆದ್ದಿರಲಿಲ್ಲ.

"ನಿಮ್ದು ಚೆನ್ನಾಗಿ ಕೇಳಿಸ್ತಿದೆ ಮೇಡಂ," ಅಂದರು ಡಾಕ್ಟರಮ್ಮ. "ಸರ್ ತುಟಿ ಅಲ್ಲಾಡ್ತಿದೆ, ದನಿನೇ ಬರ್ತಿಲ್ಲ."

"ಪಕ್ಕದಲ್ಲೇ ಇದ್ದೀನಿ ಡಾಕ್ಟ್ರೇ, ನಂಗೆ ಕೇಳಿಸ್ತಿದೆಯಲ್ಲ!"

"ದನಿ ಕುಗ್ಗಿರಬಹುದು. ಜೋರಾಗಿ ಹೇಳಿಸಿ."

ಜೋರಾಗಿ ಹೇಳಪ್ಪಾ, ಜೋರಾಗಿ — ಎಂದು ಸೂರು ಹಾರುವಂತೆ ಅರಚಿದ್ದು ನಾನು. ಚಿಕ್ಕಂದಿನಿಂದ ಅಪ್ಪ ನನ್ನನ್ನು ಕರೆಯುತ್ತಿದ್ದದ್ದೇ ಬಾಯಿಬಡುಕಿ ಅಂತ. ಸ್ಟ್ರೋಕ್ ಆದಮೇಲೆ ಹಾಗೆ ಕರೆಯುವವರೂ ಇಲ್ಲ.

ಇನ್ನೆರಡು ಕ್ಲಾಸ್ ನೋಡುತ್ತಾರಂತೆ. ದನಿ ಬರದಿದ್ದರೆ ಸುಮ್ಮನೆ ಸುಸ್ತು ಮಾಡಿಸುವುದು ಬೇಡ, ನಿಲ್ಲಿಸೋಣ ಅಂದರು. ಅಪ್ಪನ ಮುಖ ಇಷ್ಟೇ ಇಷ್ಟಾಯಿತು. "ಜನ ಸುಳ್ಳು ಹೇಳ್ತಾರೆ, ಮೈಕ್ ಹೇಳಲ್ಲ" ಅನ್ನುವುದು ಅವನ ಮಾತು. ನನ್ನ ಕಿವಿಗಿಂತ ಆ ಡಬ್ಬದ ಮೇಲೇ ನಂಬಿಕೆ.

ಮಾರ್ಚ್ 8

ನನ್ನ ರಿಸೆಪ್ಷನ್ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು "ಮೈಕ್ ಟೆಸ್ಟಿಂಗ್, ಮೈಕ್ ಟೆಸ್ಟಿಂಗ್" ಅಂದ. ಗಂಟೆ ಬಾರಿಸಿದ ಹಾಗೆ ಕೇಳಿಸಿತು. "ಏನೂ ತೊಂದ್ರೆ ಇಲ್ಲ ಮೇಡಂ. ಫಸ್ಟ್ ಕ್ಲಾಸ್!"

ಗೆಳತಿಯ ಹೆಡ್‌ಸೆಟ್ ತಂದು ಹಾಕಿದೆ. ನನ್ನದು ಕೇಳುತ್ತದೆ, ಅಪ್ಪನದು ಇಲ್ಲ. ಮೊಬೈಲಿನಲ್ಲಿ ಮಾಡೋಣವೆಂದರೆ ಅಪ್ಪನಿಗೆ ಡಾಕ್ಟರಮ್ಮನ ತುಟಿ ದೊಡ್ಡದಾಗಿ ಕಾಣಬೇಕು. ತಲೆ ಚಿಟ್ಟು ಹಿಡಿದುಹೋಯಿತು.

ಮಾರ್ಚ್ 11, ಮಂಗಳವಾರ

ಅಪ್ಪ ಬಾಯೇ ತೆರೆಯಲಿಲ್ಲ. ಡಾಕ್ಟರಮ್ಮ ಕರೆದರು, ನಾನು ಕರೆದೆ... ಗೋಡೆ ನೋಡುತ್ತ ಕೂತ.

ಆಮೇಲೆ ನೀರು ಬೇಕಾದಾಗ ಲೋಟದ ಕಡೆ ಬೆರಳು ತೋರಿಸಿದ. ಬಂದಿದ್ದ ಒಂದು ಪದವೂ ಹೋಯಿತು. ಅಡುಗೆಮನೆಗೆ ಹೋಗಿ ಅತ್ತೆ. ಶುಕ್ರವಾರದ್ದೇ ಕೊನೆಯ ಕ್ಲಾಸು.

ಮಾರ್ಚ್ 13, ಸಂಜೆ

ಹಾಳಾದ್ದು! ಸಿಕ್ಕಿತು!

ಒಂದೇ ಒಂದು ಸಲ ರೆಕಾರ್ಡ್ ಮಾಡೋಣ ಎಂದು ಅಪ್ಪನನ್ನು ಪೀಡಿಸಿದೆ. ಸಿಟ್ಟು ನೆತ್ತಿಗೇರಿ "ಬೇ...ಡ" ಅಂದ. ನನ್ನ ಕಿವಿಯಾರೆ ಕೇಳಿದೆ. ಹಾಕಿ ನೋಡಿದರೆ ನನ್ನ ಗೋಗರೆತ ಇದೆ, ಅವನ "ಬೇಡ" ಇಲ್ಲ. ಮತ್ತೆ ಹಾಕಿದೆ. ಆಗ ಹೊಳೆಯಿತು — ಫ್ಯಾನೂ ಇಲ್ಲ! ಗಾಳಿಗಿಂತ ಕಟಕಟ ಸದ್ದೇ ಹೆಚ್ಚು ಮಾಡುವ ನಮ್ಮ ಫ್ಯಾನು ಎಲ್ಲಿ ಹೋಯಿತು?

ಮತ್ತೆ ಸೆಟ್ಟಿಂಗ್ಸ್. ಅಪ್‌ಡೇಟ್ ಜೊತೆ ಬಂದ ಹೊಸ ಬಾಬತ್ತು — ಹಿನ್ನೆಲೆಯ ಗಲಾಟೆ ತೆಗೆದುಹಾಕುವುದು. ತಾನಾಗಿಯೇ ಆನ್. ಸ್ಪಷ್ಟ ಮಾತಾದರೆ ಒಳಗೆ ಬಿಡುತ್ತದೆ, ಮಿಕ್ಕಿದ್ದೆಲ್ಲ ಕಸ. ತೊದಲುವ ಅಪ್ಪನನ್ನೂ ಫ್ಯಾನಿನ ಲೆಕ್ಕಕ್ಕೆ ಸೇರಿಸಿಬಿಟ್ಟಿದೆ! ನಾನು "ಹಲೋ" ಅಂದೆ, ಅಂಗಡಿಯವನು "ಟೆಸ್ಟಿಂಗ್" ಅಂದ. ಎಲ್ಲರೂ ಗಟ್ಟಿ ಗಂಟಲಲ್ಲೇ ಪರೀಕ್ಷೆ ಮಾಡಿದ್ದು. ಬೈಸಿಕೊಂಡವನು ಮಾತ್ರ ಅಪ್ಪ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಆಫ್ ಮಾಡಿದೆ. ಇನ್ನೊಮ್ಮೆ ಪೀಡಿಸಿದೆ, ಇನ್ನೊಮ್ಮೆ "ಬೇ...ಡ" ಅಂದ. ಹಾಕಿದೆ. ಮೊದಲು ಕಟಕಟ, ಆಮೇಲೆ ಅಪ್ಪ.

ಗೋಡೆಯಿಂದ ಮುಖ ತಿರುಗಿಸಿದ. ಮತ್ತೆ ಹಾಕು ಎಂದು ಬೆರಳಲ್ಲಿ ತೋರಿಸಿದ. ಹಾಕಿದೆ. ಮತ್ತೆ ಬೆರಳು ಎತ್ತಿದ. ಎಷ್ಟು ಸಲ ಹಾಕಿದೆನೋ.

ಮಾರ್ಚ್ 14, ಶುಕ್ರವಾರ

ಫ್ಯಾನ್ ಆರಿಸಿ ಕೂತೆವು. ಸೆಖೆ. ಅಪ್ಪ ಎರಡು ಸಲ ಕುಟ್ಟಿದ. ಡಾಕ್ಟರಮ್ಮ ಕೇಳಿದರು, "ಸರ್, ಮನೇಲಿ ನಿಮ್ ಜೊತೆ ಯಾರಿರ್ತಾರೆ?"

"ಮಗಳು" ಅನ್ನುವುದನ್ನು ಬೆಳಿಗ್ಗೆಯೆಲ್ಲಾ ಉರು ಹೊಡೆಸಿದ್ದೆ. ಅಪ್ಪ ನನ್ನನ್ನು ನೋಡಿದ. ಬೆವರಿದ. ತುಟಿ ಒಂದು ಕಡೆಗೆ ಎಳೆಯಿತು.

"ಬಾ... ಬಾಯಿ... ಬಡು... ಕಿ."

ಡಾಕ್ಟರಮ್ಮ ಕುರ್ಚಿಯಲ್ಲಿ ಮುಂದೆ ಬಗ್ಗಿದರು. "ಕೇಳಿಸ್ತು ಸರ್! ಕೇಳಿಸ್ತು! ಏನಂದ್ರು ಮೇಡಂ?"

"ನನ್ನ ಹೆಸರು ಡಾಕ್ಟ್ರೇ," ಅಂದೆ.

ಕ್ಲಾಸು ಮುಂದುವರಿಯುತ್ತದಂತೆ. ಇದೋ, ಒಳಗಿಂದ ಮತ್ತೆ ಕರೆಯುತ್ತಿದ್ದಾನೆ, ಅದೇ ಹೆಸರು. ಮಧ್ಯಾಹ್ನದಿಂದ ಇದೇ ಕಾಟ. ಬಂದೆನಪ್ಪಾ, ಬಂದೆ... ಒಂದು ಸಾಲು ನೆಟ್ಟಗೆ ಬರೆಯಲೂ ಬಿಡ