ಕೆಂಗಲ್‌ನಲ್ಲಿ ಆರಿಸಿದ ಕರ್ಪೂರ

೧೯ ಜೂನ್ ೨೦೦೬, ಸೋಮವಾರ

ಕನಕಪುರದ ಬಸ್ ಲೇಟು. ನಾನೂ ಲೇಟು. ಒಂಬತ್ತನೇ ಕ್ಲಾಸಿನ ಭಾನುಪ್ರಿಯ ನನಗಿಂತ ಲೇಟು — ಗದರಿದೆ. ಊಟದ ಬೆಲ್ ಆದಮೇಲೆ ಸ್ಟಾಫ್‌ರೂಮಿಗೆ ಬಂದು ಅತ್ತುಬಿಟ್ಟಳು. ಗಾರ್ಮೆಂಟ್ಸ್ ಹೆಂಗಸರನ್ನು ಸಾಗಿಸುವ ಟೆಂಪೋ ಸ್ವಾಮಿ, ದಾರಿಯಲ್ಲಿ ಇವಳನ್ನೂ ಸ್ಕೂಲಿಗೆ ಬಿಡುತ್ತಾನೆ. ಮೊದಲು ಚೂಡಿದಾರ್ ಕೊಡಿಸಿದ. ಆಮೇಲೆ ಮೊಬೈಲು. ಈಗ ‘ಒಬ್ಳೇ ಬೆಂಗಳೂರಿಗೆ ಬಾ, ಇಲ್ದಿದ್ರೆ ನಿಮ್ಮವ್ವಂಗೆ ಎಲ್ಲಾ ಹೇಳ್ತೀನಿ’ ಅಂತ ಹೆದರಿಸುತ್ತಿದ್ದಾನೆ. ಮಗುವಿಗೆ ಹದಿನಾಲ್ಕು. ಅವನಿಗೆ ಮೂವತ್ತೈದಾದರೂ ಇರಬೇಕು. ಮೈಯೆಲ್ಲ ಉರಿಯಿತು.

“ಊರೋರ್ಗೆ ಗೊತ್ತಾಗ್ಬಾರ್ದು ಮಿಸ್.”

ಪೊಲೀಸರು ಗುಟ್ಟಾಗಿಡುತ್ತಾರೆ ಕಣೇ, ನಾನೇ ಹೋಗಿ ಹೇಳುತ್ತೇನೆ ಅಂದೆ.

೨೦ ಜೂನ್

ಎಸ್.ಐ. ಟೀ ತರಿಸಿದರು. “ನಂಗೂ ಹೆಣ್ಮಕ್ಳಿದಾರೆ ಮೇಡಂ. ನಮಗೆ ಬಿಡಿ.” ನೆಮ್ಮದಿಯಾಗಿ ಬಂದೆ.

೨೬ ಜೂನ್

ಥೂ! ಎಸ್.ಐ. ಊರ ಯಜಮಾನ ಮರಿಯಪ್ಪನನ್ನು ಕರೆಸಿ, “ಹುಡುಗಿ ಹೆಸರು ಕೆಡ್ತದೆ, ಕೇಸ್ ಬೇಡ, ನೀವೇ ಬಗೆಹರಿಸ್ಕೊಳ್ಳಿ” ಅಂದರಂತೆ. ಈಗ ಊರಿಗೆಲ್ಲ ಗೊತ್ತು. ಪಂಚಾಯ್ತಿ ತೀರ್ಮಾನ — ತಾನು ತಪ್ಪು ಮಾಡಿಲ್ಲ ಅಂತ ಸ್ವಾಮಿ ಕೆಂಗಲ್ ಆಂಜನೇಯನ ಮುಂದೆ ಪ್ರಮಾಣ ಮಾಡಬೇಕು. ಮಾಡಿದರೆ ಅಲ್ಲಿಗೆ ಮುಗಿಯಿತು.

ಕೂಗಾಡಿದೆ. ಮರಿಯಪ್ಪ ನಗುತ್ತಾನೆ: “ದ್ಯಾವ್ರ್ ಮುಂದೆ ಯಾವನಾದ್ರೂ ಸುಳ್ ಹೇಳ್ತಾನಾ ಮೇಡಮ್ಮೋರೆ?”

೧ ಜುಲೈ, ಶನಿವಾರ

ಕೆಂಗಲ್‌ಗೆ ಹೋಗಿದ್ದು ಸ್ವಾಮಿಯ ಟೆಂಪೋದಲ್ಲೇ! ಮರಿಯಪ್ಪ, ಒಬ್ಬ ಪೇದೆ, ಭಾನು, ಅವಳ ತಾಯಿ ಮುನಿತಾಯಮ್ಮ. ಮಗು ಒಂಟಿಯಾಗಬಾರದೆಂದು ನಾನೂ. ಸ್ವಾಮಿ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ “ಇವ್ಳು ನನ್ ತಂಗಿ ಸಮಾನ” ಅಂದ. ಧ್ವನಿ ನಡುಗಲಿಲ್ಲ. ವಾಪಸ್ ಬರುವಾಗ ಎಲ್ಲರಿಗೂ ಮಸಾಲೆದೋಸೆ ಕೊಡಿಸಿದ. ಮುನಿತಾಯಮ್ಮ ಕೈಮುಗಿದಳು: “ಅನುಮಾನ ಪಟ್ಬುಟ್ಟೆ ಕಣಪ್ಪ. ಇನ್ಮ್ಯಾಕೆ ನೀನೇ ಅವ್ಳಿಗೆ ಅಣ್ಣ. ದಿನಾ ನೀನೇ ಸ್ಕೂಲ್ಗೆ ಬುಡು.”

ಬೇಡ ಅಂದೆ. ಎಲ್ಲರೂ ನನ್ನನ್ನೇ ದುರುಗುಟ್ಟಿ ನೋಡಿದರು. ಭಾನು ಮಾತ್ರ ನೋಡಲಿಲ್ಲ.

೧೪ ಆಗಸ್ಟ್

ಭಾನು ಶುಕ್ರವಾರದಿಂದ ಇಲ್ಲ. ಸ್ವಾಮಿಯೂ ಇಲ್ಲ, ಟೆಂಪೋನೂ ಇಲ್ಲ. ಸ್ಟೇಷನ್ನಿಗೆ ಓಡಿದೆ. ಅದೇ ಎಸ್.ಐ. ಅಂದರು:

“ಅವನು ಬಾಡಿಗೆಗೆ ಹೋಗಿರ್ತಾನೆ ಬಿಡಿ ಮೇಡಂ. ಆಂಜನೇಯನ ಮುಂದೆ ಪ್ರಮಾಣ ಮಾಡಿದೋನು ಮುಟ್ತಾನಾ? ಹುಡುಗಿ ಇನ್ಯಾರ ಜೊತೆಗೋ ಓಡಿಹೋಗಿರ್ಬೇಕು.”

ಕಂಪ್ಲೇಂಟ್ ತಗೊಳ್ಳಲಿಲ್ಲ. ಮೋಸ… ನಗುನಗುತ್ತಾ ಕತ್ತು ಕೊಯ್ದರು.

೧೬ ಆಗಸ್ಟ್

ಮುನಿತಾಯಮ್ಮ ಹಾಲು ಕರೆಯುತ್ತಿದ್ದಳು. ತಲೆ ಎತ್ತಲಿಲ್ಲ.

“ಹೆತ್ತವ್ವ ನಂಗೇ ಹೇಳ್ದೆ ಇದ್ದಿದ್ನ ನಿಮ್ಗೇಳಿದ್ಲಲ್ಲ ಮೇಡಮ್ಮೋರೆ. ನಿಮ್ಗೇ ಯಾಕೇಳಿದ್ಲು?”

ಎಸ್.ಐ. ಹೆಸರು ಬಾಯಿಗೆ ಬಂತು, ಮರಿಯಪ್ಪನ ಹೆಸರು ಬಂತು. ನುಂಗಿಕೊಂಡೆ. ಆ ಮಗು ಅವರ್ಯಾರ ಹತ್ತಿರವೂ ಹೋಗಿರಲಿಲ್ಲ. ನಂಬಿ ಬಂದದ್ದು ನನ್ನ —