ಹಲಗೆಯ ಕೊನೆಯ ಹೆಸರು

ಲಾಸೆಮ್,
ಶಾಬಾನ್ ಹದಿನೇಳು, ಶನಿವಾರ

ಪ್ರೀತಿಯ ಮಗ ಜಮ್ಹಾರಿಗೆ,

ದೇವರ ಶಾಂತಿ ನಿನ್ನ ಮೇಲಿರಲಿ. ಜಕಾರ್ತದ ಹೊಗೆಯಲ್ಲಿ ನಿನ್ನ ಕೆಮ್ಮು ಹೇಗಿದೆ? ನಿನ್ನ ತಾಯಿ ಶುಂಠಿ, ತಾಳೆಬೆಲ್ಲ ಕಾಯಿಸಿ ಶೀಶೆಯಲ್ಲಿ ತುಂಬಿದ್ದಾಳೆ. ಈ ಪತ್ರದೊಡನೆ ಬಸ್ಸಿನವನ ಕೈಗೆ ಕೊಡುತ್ತೇನೆ. ನನ್ನ ಮೊಣಕಾಲು ನಮಾಜಿಗೆ ಬಾಗುವಷ್ಟು ಬಾಗುತ್ತದೆ. ಅದಕ್ಕಿಂತ ಹೆಚ್ಚು ಬೇಡುವುದು ದುರಾಸೆ.

ನಮ್ಮ ಬಾಟಿಕ್ ಕಾರ್ಖಾನೆಯ ಗೋಡೆಗೆ ನೀನು ಕರಿಹಲಗೆ ತೂಗುಹಾಕಿ ಇಂದಿಗೆ ನಾಲ್ಕು ವಾರ. ಹನ್ನೆರಡು ಹೆಂಗಸರಲ್ಲಿ ಯಾರ ಬುಟ್ಟಿಯಲ್ಲಿ ಹೆಚ್ಚು ಶಾಲುಗಳಿರುವುವೋ ಅವರ ಹೆಸರಿಗೆ ಚಿನ್ನದ ಬಣ್ಣದ ನಕ್ಷತ್ರ, ನಾಲ್ಕನೆಯ ವಾರ ಯಾರ ಹೆಸರು ಅಡಿಯಲ್ಲಿರುವುದೋ ಅವರಿಗೆ ಕೆಲಸದಿಂದ ವಿದಾಯ ಎಂದು ವಿಧಿಸಿ ಹೋದೆ. ಉತ್ಸಾಹ ಹೆಚ್ಚಿಸುವ ವಿದ್ಯೆ ಇದೆಂದೆ. ಬುಟ್ಟಿ ನೋಡಿ ಬರೆಯುವ ಕೆಲಸ ನನಗೆ ಬಂತು. ಮೊದಲ ದಿನದಿಂದಲೂ ನನಗೆ ಗುಮಾನಿ. ಹಲಗೆ ಬರುವ ಮುನ್ನ ಮೇಣ ಕಾಯುವ ಒಲೆಗಳ ಸುತ್ತ ಹಾಡು ಕೇಳಿಸುತ್ತಿತ್ತು. ಈಗ ನನ್ನ ಚಪ್ಪಲಿಯ ಸದ್ದಿಗೇ ಪಿಸುಮಾತು ನಿಂತು, ತಲೆಗಳು ಬಟ್ಟೆಯತ್ತ ಬಾಗುತ್ತವೆ. ಶಾಲುಗಳು ಮಾತ್ರ ಅಂದೂ ವಾರಕ್ಕೆ ನಲವತ್ತೆಂಟು, ಇಂದೂ ನಲವತ್ತೆಂಟು. ಹೀಗಿರುವಾಗ ಮೂರನೆಯ ವಾರ ಅಗ್ರಸ್ಥಾನ ಪಡೆದವಳು ಯಾರೆಂದುಕೊಂಡೆ? ಙಾತಿರಾ ಅಜ್ಜಿ! ಕಣ್ಣಿಗೆ ಪೊರೆ ಬಂದು, ಬಟ್ಟೆಯನ್ನು ಮೂಗಿಗೆ ತಾಗಿಸಿ ಗೆರೆ ಎಳೆಯುವವಳು, ವಾರಕ್ಕೆ ಎರಡು ಮುಗಿಸಿದರೆ ಹೆಚ್ಚು. ಬುಟ್ಟಿಯಲ್ಲಿ ಏಳಿದ್ದವು. ಮೂವತ್ತು ವರ್ಷ ನಮ್ಮ ಅನ್ನ ಉಂಡವಳು ಕಳ್ಳತನಕ್ಕಿಳಿದಳೇ ಎಂದು ಶಂಕಿಸಿದೆ, ದೇವರು ಕ್ಷಮಿಸಲಿ. ಇನ್ನೊಂದು ಶಂಕೆಯನ್ನೂ ಮುಚ್ಚಿಡಲಾರೆ. ಆ ಮುದುಕಿಯನ್ನು ಬಾಯಿಬಿಟ್ಟು ಕಳುಹಿಸಲಾರದೆ, ಹಲಗೆಯ ಕೈಯಿಂದ ಕಳುಹಿಸುವ ಉಪಾಯ ನಿನ್ನದಾಗಿತ್ತೇ?

ನಿನ್ನೆ ಶುಕ್ರವಾರ, ಸಂಜೆಯ ಅಸರ್ ನಮಾಜಿನ ನಂತರ, ಪ್ರಾರ್ಥನಾ ಕೋಣೆಯ ಕಿಟಕಿಯ ಬಳಿ ನಿಂತೆ. ಹನ್ನೆರಡು ಮಂದಿಯೂ ವೃತ್ತವಾಗಿ ಕುಳಿತಿದ್ದರು. ನಡುವೆ ಗಾಜಿನ ಲೋಟ, ಅದರಲ್ಲಿ ಸುರುಳಿ ಸುತ್ತಿದ ಚೀಟಿಗಳು. ನಮ್ಮ ಹೆಂಗಸರು ಬೀದಿಬೀದಿಯಲ್ಲಿ ಹಣ ಕೂಡಿಸಿ ನಡೆಸುವ ಅರಿಸಾನ್ ಚೀಟಿಯ ರೀತಿಯೇ ಅದು. ಲೋಟ ಅಲುಗಿಸಿ, ಬಿದ್ದ ಚೀಟಿಯ ಹೆಸರನ್ನು ಓದಿ, ಆ ವಾರ ಮೊದಲಿನವರು ಯಾರು, ಕೊನೆಯವರು ಯಾರು ಎಂದು ನಿರ್ಣಯಿಸಿ, ಅದಕ್ಕೆ ತಕ್ಕಂತೆ ಶಾಲುಗಳನ್ನು ಬುಟ್ಟಿಯಿಂದ ಬುಟ್ಟಿಗೆ ಹಂಚಿಕೊಳ್ಳುವುದು ಅವರ ವಾರದ ರೂಢಿಯಂತೆ. ಯಾರೋ ಅಜ್ಜಿಯನ್ನು ಕೆಣಕಿದರು: “ಕಣ್ಣು ಕಾಣಲ್ಲ ಅಂತೀಯ, ಹೋದ ವಾರದ ನಕ್ಷತ್ರ ಮಾತ್ರ ಕಾಣ್ತಲ್ಲಜ್ಜೀ!” ಅಜ್ಜಿ ಬಿಟ್ಟಾಳೆಯೇ: “ಕಾಣ್ದೆ ಏನೇ, ನಿನ್ನ ಮೂತಿಗಿಂತ ಚೆನ್ನಾಗೇ ಕಾಣ್ತು.” ಬಳಿಕ ಕೊನೆಯ ಹೆಸರಿಗಾಗಿ ತರ್ವಿಯಾ ಬೇರೆ ಹನ್ನೆರಡು ಚೀಟಿಗಳನ್ನು ಲೋಟಕ್ಕೆ ತುಂಬಿ ಅಲುಗಿಸಿದಳು. ಬಿದ್ದದ್ದು ಅವಳದೇ ಹೆಸರು. ನಗು ನಿಂತುಹೋಯಿತು.

ನಾನು ಒಳಹೊಕ್ಕು ಗದರಿದೆ. ತರ್ವಿಯಾ ಏಳಲೂ ಇಲ್ಲ. “ಹಾಜಿ ಅಪ್ಪಾ, ನಿಮ್ಮ ಮಗ ಮೊದಲ್ನೇ ಹೆಸರು ಕೇಳಿದ್ರು, ಕೊಟ್ವಿ. ಕೊನೇದೂ ಬೇಕಂದ್ರು, ತಗೊಳ್ಳಿ. ಅದು ಯಾರ್ದು ಅನ್ನೋದನ್ನ ನಮಗೆ ಬಿಡಿ” ಎಂದು ಮೇಣದ ಗೆರೆ ಎಳೆಯುವ ತನ್ನ ಲೇಖನಿಯನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿಟ್ಟಳು. ನೀನು ಗಿರಾಕಿಗಳಿಗೆ ಮಾದರಿಯೆಂದು ಒಯ್ದ, ಮುನ್ನೂರು ಶಾಲುಗಳ ಬೇಡಿಕೆಯನ್ನು ತಂದುಕೊಟ್ಟ ಆ ಶಾಲು ಅವಳ ಕೈಯದೆಂಬುದು ನಿನಗೆ ನೆನಪಿದೆಯೇ? ಗುರುವಾರ ನೀನು ಊರಿಗೆ ಬಂದಾಗ ಯೋಚಿಸಿ ಮಾತಾಡು.

ನಿನ್ನ ಮನೆಯವರಿಗೆಲ್ಲ ದೇವರು ಆರೋಗ್ಯವನ್ನೂ, ನಿನಗೆ ಜನರನ್ನು ಅರಿಯುವ ಬುದ್ಧಿಯನ್ನೂ ಅನುಗ್ರಹಿಸಲಿ.

ನಿನ್ನ ತಂದೆ,
ಹಾಜಿ ಕಸ್ಬೋಲಾ

ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಆದರೂ ಒಂದು ಮಾತು ಮರೆತಿದ್ದೆ. ಇಂದು ಬೆಳಿಗ್ಗೆ ಆ ಲೋಟ ಪ್ರಾರ್ಥನಾ ಕೋಣೆಯ ಕಿಟಕಿಯ ಕಟ್ಟೆಯ ಮೇಲಿತ್ತು. ಒಳಗೆ ಉಳಿದ ಹನ್ನೊಂದು ಚೀಟಿಗಳು. ಶಂಕೆ ಬಿಡಲಿಲ್ಲ, ಬಿಚ್ಚಿದೆ. ಹನ್ನೊಂದರಲ್ಲೂ ತರ್ವಿಯಾಳ ಹೆಸರೇ. ಅಕ್ಷರವೂ ಅವಳದೇ; ಮಸೀದಿಯ ಜಗಲಿಯಲ್ಲಿ ಅವಳಿಗೆ ಬರೆಯಲು ಕಲಿಸಿದವನು ನಾನಲ್ಲವೇ? ಉಳಿದವರಿಗೆ ಇದು ತಿಳಿಯದು; ತಿಳಿದಿದ್ದರೆ ಲೋಟ ಅಲುಗಿಸಲು ಬಿಡುತ್ತಿರಲಿಲ್ಲ. ಚೀಟಿಗಳು ಈ ಲಕೋಟೆಯಲ್ಲಿವೆ. ಹಲಗೆಯ ಅಡಿಯ ಸಾಲನ್ನು ನಾನು ಖಾಲಿ ಬಿಟ್ಟಿದ್ದೇನೆ. ಸೀಮೆಸುಣ್ಣ ನಿನ್ನ ಮೇಜಿನ ಮೇಲಿದೆ. ಬರೆಯುವುದಾದರೆ ಅವಳ ಎದುರಿಗೆ ನಿಂತು ನೀನೇ ಬರೆ.