ಕಲ್ಲಿನ ಪಾಠಕ್ಕೆ ದನಿ

ಸೇಡಂ
೧೪-೧೧-೨೦೦೩, ಶುಕ್ರವಾರ

೧. ಬರೆಯುವವಳು: ಪದ್ಮಾಬಾಯಿ, ವಯಸ್ಸು ಅರವತ್ತೇಳು, ತಾವು ಬರೆದ ಅರ್ಜಿಗಳ ಶುದ್ಧಪ್ರತಿಯನ್ನು ಮೂವತ್ತೊಂದು ವರ್ಷ ತೆಗೆದವಳು.
೨. ಓದಿ ಹೇಳುವವಳು: ಮಗಳು ಪ್ರಮಿತಾ, ರಾಯಚೂರು, ತಮ್ಮ ಕಣ್ಣಿನ ಪಟ್ಟಿ ಬಿಚ್ಚುವವರೆಗೆ.
೩. ವಿಷಯ: ಪ್ರಮಿತಾಳ ಮಗಳು ಶ್ರೀವಾಣಿ ತನ್ನ ಕಂಪ್ಯೂಟರ್ ಪಾಠಕ್ಕೆ ಧ್ವನಿ ಮತ್ತು ವಿಡಿಯೊ ಕೂಡಿಸಿದ್ದು.

ಪೂಜ್ಯ ಯಜಮಾನರ ಪಾದಗಳಿಗೆ ನಮಸ್ಕಾರ.

ಕಣ್ಣಿನ ಆಪರೇಷನ್ ಸುಖವಾಗಿ ಮುಗಿಯಿತೆಂದು ತಿಳಿದು ಜೀವ ತಣ್ಣಗಾಯಿತು. ಪಟ್ಟಿ ಮುಟ್ಟಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು. ಈ ಸಲ ಏಕಾದಶಿಯ ಉಪವಾಸ ಬಿಟ್ಟರೆ ರಾಯರು ಕೋಪಿಸಿಕೊಳ್ಳಲಾರರು.

ಹೊರಡುವ ಮುನ್ನ ತಾವು ಹುಡುಗಿಗೆ "ಎರಡನೇ ಸಲಾನೂ ನಪಾಸಾದ್ರ ಗಂಟು ಕಟ್ಟಿ ನಿಮ್ಮವ್ವನ ಕಡೆ ನಡಿ" ಎಂದು ಅಪ್ಪಣೆ ಮಾಡಿದ್ದು ಸರಿಯಷ್ಟೆ. ಕಂಪ್ಯೂಟರ್ ಸಂಸ್ಥೆಯ ಪರೀಕ್ಷೆಗೆಂದು ಅವಳು ತಯಾರಿಸಿದ, ನೆಲದ ಹಾಸುಗಲ್ಲು ಆರಿಸುವುದನ್ನು ಕಲಿಸುವ ಪಾಠದಲ್ಲಿ ಬರಹವಿತ್ತು, ಚಿತ್ರವಿತ್ತು. ಆದರೆ ಒಳಗೆ ಬಿರುಕಿರುವ ಕಲ್ಲು ಕಣ್ಣಿಗೆ ಸಿಗುವುದಿಲ್ಲ, ಬಡಿದಾಗಿನ ದನಿಗೇ ಸಿಗಬೇಕು. (ನಮ್ಮ ಪಡಸಾಲೆಯ ಕಲ್ಲನ್ನು ತಾವು ಬಣ್ಣ ನೋಡಿ ಆರಿಸಿದಿರಿ, ಮೊದಲ ದೀಪಾವಳಿಗೇ ಒಡೆಯಿತು. ಈ ಮಾತನ್ನು ನಾನು ಇದುವರೆಗೆ ಆಡಿರಲಿಲ್ಲ.) ಪರೀಕ್ಷಕರೂ ಅದನ್ನೇ ಹೇಳಿ, ಧ್ವನಿ, ವಿಡಿಯೊ ಕೂಡಿಸಲು ಹದಿನೈದು ದಿನದ ಗಡುವು ಕೊಟ್ಟಿದ್ದರು.

ಮದುವೆಗಳ ವಿಡಿಯೊ ತೆಗೆಯುವ ಕಾಶಪ್ಪನನ್ನು ಕರೆದುಕೊಂಡು ರಾವೂರಿನ ಖಣಿಗೆ ಹೋದೆವು. ಅಲ್ಲಿ ಗಾಳಿ ಮತ್ತು ಲಾರಿಗಳ ಸದ್ದಿನಲ್ಲಿ ಕಲ್ಲಿನ ದನಿ ಮುಳುಗಿಹೋಯಿತು. ಕಲ್ಲು ಒಡೆಯುವ ಗನಿಸಾಬರು ಮರುದಿನ ಗಟ್ಟಿಯದೊಂದು, ಒಡಕಿನದೊಂದು, ಎರಡು ಕಲ್ಲು ಹೊರಿಸಿಕೊಂಡು ನಮ್ಮ ಅಂಗಳಕ್ಕೇ ಬಂದರು. ಕಾಶಪ್ಪ ಅವನ್ನು ನೆಲಕ್ಕೆ ಹಾಸಿದಾಗ ಸಾಬರು, "ಮಲಗಿದ ಕಲ್ಲು ಏನ್ ಮಾತಾಡ್ತದೋ, ಎತ್ತಿ ನಿಲ್ಲಸು" ಎಂದು ಗದರಿದರು. ದನಿಯನ್ನು ಬೇರೆಯಾಗಿ ಟೇಪಿನಲ್ಲಿ ಹಿಡಿದೆವು. ಕಂಪ್ಯೂಟರಿನಲ್ಲಿ ಚಿತ್ರಕ್ಕೆ ಜೋಡಿಸಿದರೆ ಎರಡೂ ಕೂಡಲೊಲ್ಲವು. "ಅಜ್ಜಿ, ಸುತ್ತಿಗಿ ಮ್ಯಾಲ ಇದ್ದಾಗೇ ಕಲ್ಲು ಕೂಗ್ತದ!" ಎಂದು ಹುಡುಗಿ ಅತ್ತಳು. ಗಡುವಿಗೆ ಎರಡೇ ದಿನ ಉಳಿದಿತ್ತು.

ಭಜನೆಯಲ್ಲಿ ತಾಳ ತಪ್ಪಿದಾಗ ನಾವು ಮಾಡುವುದೇನು? ಒಂದು ಚಪ್ಪಾಳೆ ಹೊಡೆದು ಎಲ್ಲರೂ ಮೊದಲಿನಿಂದ ಹಿಡಿಯುತ್ತೇವೆ. ಮತ್ತೆ ಚಿತ್ರ, ದನಿ ಎರಡನ್ನೂ ತೆಗೆಸುವಾಗ, ಗನಿಸಾಬರು ಸುತ್ತಿಗೆ ಎತ್ತುವ ಮೊದಲು ನಾನು ಕ್ಯಾಮೆರಾದ ಮುಂದೆ ಒಂದು ಚಪ್ಪಾಳೆ ಹೊಡೆದೆ. "ಕೈ ಕೂಡಿದ್ದು, ಸಪ್ಪಳ ಕೇಳಿದ್ದು ಒಂದಕ್ಕ ಹಚ್ಚು, ಹಿಂದಿಂದು ತಾನ ಬರ್ತದ" ಎಂದು ಹುಡುಗಿಗೆ ಹೇಳಿದೆ. ಬಂದಿತು! ಗನಿಸಾಬರು, "ಬಾಯಾರ, ಇನ್ನ ಸಿನಿಮಾ ಕಂಪನಿ ತೆಗೀರಿ" ಎಂದು ನಕ್ಕರು.

ನಿನ್ನೆ ಪರೀಕ್ಷಕರು ಕಣ್ಣು ಮುಚ್ಚಿ ಕೇಳಿ, ಒಡಕು ಕಲ್ಲನ್ನು ತಾವೇ ಗುರುತಿಸಿದರು. ಮೂರು ಸಲ ಹಾಕಿಸಿದರು. ಮೊದಲಿಗೆ ಕಾಣುವ ಬಳೆಯ ಕೈ ಯಾರದೆಂದು ಕೇಳಿದರಂತೆ. "ನಮ್ಮಜ್ಜೀದು ಸರ್, ಕತ್ತರಿಸ್ತೀನಿ" ಎಂದು ಹುಡುಗಿ ಹೇಳಿದರೆ, "ಮುಟ್ಟಬ್ಯಾಡ, ಇರಲಿ" ಎಂದರು. ತರಗತಿಗೇ ಮೊದಲನೆಯವಳಾಗಿ ಪಾಸಾದಳು.

ಮೊಮ್ಮಕ್ಕಳಿಗೆಲ್ಲ ಆಶೀರ್ವಾದ.

ಇಂತು ತಮ್ಮ ಆಜ್ಞಾಧಾರಕಳು,
(ಸಹಿ) ಪದ್ಮಾಬಾಯಿ

ತಾಜಾಕಲಂ: ಅದೇ ಸಂಸ್ಥೆಯವರು ಸೋಮವಾರದಿಂದ ಶ್ರೀವಾಣಿಗೆ ಹೊಸ ತಂಡಕ್ಕೆ ಕಲಿಸಲು ಬರಹೇಳಿದ್ದಾರೆ. ಅವಳು ಸೇಡಂನಲ್ಲೇ ಇರುತ್ತಾಳೆ. ಪೋಷಕರ ಸಹಿಯ ಜಾಗದಲ್ಲಿ ನಾನೇ ಸಹಿ ಮಾಡಿದ್ದೇನೆ. ಅನುಮತಿ ಬೇಡುವ ಕಾಗದಗಳನ್ನು ತಮ್ಮ ಕೈಕೆಳಗೆ ಸಾವಿರಾರು ಬರೆದಿದ್ದೇನೆ, ಇದು ಅದಲ್ಲ. ತಮ್ಮ ಮಾಹಿತಿಗಾಗಿ.

ಲಗತ್ತು: ಕ್ಯಾಸೆಟ್ ಒಂದು. ಒಂದು ಚಪ್ಪಾಳೆ, ಎರಡು ಕಲ್ಲು. ಒಡಕು ಯಾವುದೆಂದು ಈ ಸಲ ಕೇಳಿ ಹೇಳತಕ್ಕದ್ದು.